ನಾನು ಬರೆದ ಗಂಡನ ಹೆಸರು

ನನಗೆ ಸಿಟ್ಟು ಬೇಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಧ್ಯಾಹ್ನ ಬಿಸಿಲಿತ್ತು, ಬೆಳಗಿನಿಂದ ಏನೂ ತಿಂದಿರಲಿಲ್ಲ, ಇನ್ನೂ ಅರ್ಧ ಗುಡಿಸಲುಗಳ ಸರ್ವೆ ಬಾಕಿ ಇತ್ತು ಎಂದೆಲ್ಲ ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವೆಲ್ಲ ನೆವ. ತಪ್ಪು ನನ್ನದೇ.

ನಾನು ಆಶಾ ಕಾರ್ಯಕರ್ತೆ. ಹುಟ್ಟಿದ್ದು ಔರಾದ ತಾಲ್ಲೂಕಿನ ಎಕಂಬಾದಲ್ಲಿ, ಮದುವೆಯಾಗಿ ಬಂದದ್ದು ಬೀದರಿನ ನೌಬಾದಕ್ಕೆ. ನಮ್ಮ ಮನೆಯಲ್ಲಿ ಪೆನ್ನು ಹಿಡಿದ ಮೊದಲ ಹೆಣ್ಣುಮಗಳು ನಾನೇ. ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ದಿನಾ ಔರಾದಿನ ಬಸ್ಸಿಗೆ ಹತ್ತಿಸುತ್ತಿದ್ದಳು. ನನ್ನ ಅಕ್ಷರ ಮುತ್ತಿನಂತಿವೆ ಎಂದು ಮಾಸ್ತರರು ಒಮ್ಮೆ ಹೇಳಿದ್ದನ್ನು ಊರೆಲ್ಲ ಹೇಳಿಕೊಂಡು ತಿರುಗಿದಳು. ಕೆಲಸಕ್ಕೆ ಸೇರಿದ ಮೇಲೆ ನನ್ನ ರಿಜಿಸ್ಟರನ್ನು ಮೀಟಿಂಗಿನಲ್ಲಿ ಎತ್ತಿ ಹಿಡಿದು, ಬರೆದರೆ ಹೀಗೆ ಬರೆಯಬೇಕು ಎಂದು ಉಳಿದವರಿಗೆ ತೋರಿಸುತ್ತಿದ್ದರು. ನನಗೂ ಜಂಬ ಇತ್ತು, ಸುಳ್ಳೇಕೆ ಹೇಳಲಿ.

ನೌಬಾದ ದಾಟಿ ಸ್ವಲ್ಪ ದೂರ ಹೋದರೆ ಕೆಂಪು ಕಲ್ಲಿನ ಗಣಿ ಇತ್ತು. ನಮ್ಮ ಕಡೆ ಖದಾನು ಎನ್ನುತ್ತಾರೆ. ಮನೆ ಕಟ್ಟುವ ಕಲ್ಲನ್ನು ನೆಲದಿಂದಲೇ ಚೌಕ ಚೌಕವಾಗಿ ಕೊಯ್ದು ತೆಗೆಯುವ ಜಾಗ. ಮಷಿನ್ನು ಗೀರು ಹಾಕಿಕೊಂಡು ಹೋಗುತ್ತದೆ, ಹಿಂದಿನಿಂದ ಗಂಡಸು ಹಾರೆ ಹಾಕಿ ಕಲ್ಲನ್ನು ಮೀಟುತ್ತಾನೆ, ಹೆಂಗಸು ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಅದನ್ನು ಹೊತ್ತು ಲಾರಿ ನಿಲ್ಲುವವರೆಗೆ ಏರು ಹತ್ತುತ್ತಾಳೆ. ಕೆಂಪು ಧೂಳು ಕಣ್ಣರೆಪ್ಪೆಯ ಮೇಲೆ, ಚಹಾದಲ್ಲಿ, ತೊಟ್ಟಿಲ ಕೂಸಿನ ಮೂಗಿನಲ್ಲಿ. ನಮ್ಮ ಊರಿನವರು ಆ ಕೆಲಸ ಬಿಟ್ಟು ಬಹಳ ದಿನಗಳಾಗಿದ್ದವು. ಒಡಿಶಾದಿಂದ, ಛತ್ತೀಸಗಡದಿಂದ ಕರೆತಂದವರೇ ಹೆಚ್ಚು. ಹೆಂಗಸರು ಎನ್ನುತ್ತೇನೆ, ಆದರೆ ಬಹಳಷ್ಟು ಜನ ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು.

ಅಲ್ಲಿ ಆಳು ಎಂಬ ಮಾತೇ ಇರಲಿಲ್ಲ, ಜೋಡಿ ಎಂದೇ ಲೆಕ್ಕ. ಒಬ್ಬ ಗಂಡಸು, ಒಬ್ಬ ಹೆಂಗಸು ಸೇರಿದರೆ ಒಂದು ಜೋಡಿ. ಒಂದು ಜೋಡಿಗೆ ಒಂದು ಹಾರೆ, ಒಂದು ಗುಡಿಸಲು. ಗಂಡ ಹೆಂಡತಿಯೇ ಆಗಬೇಕೆಂದಿಲ್ಲ. ಅಣ್ಣ ತಂಗಿ ಜೋಡಿ ಇದ್ದರು, ಮಾವ ಸೊಸೆ ಜೋಡಿ ಇದ್ದರು. ಒಬ್ಬರು ಕಾಯಿಲೆ ಬಿದ್ದರೆ ಅಥವಾ ಓಡಿಹೋದರೆ, ಉಳಿದವರನ್ನು ಮುಕಾದಮ, ಅಂದರೆ ಆಳುಗಳನ್ನು ಕರೆತಂದು ನೋಡಿಕೊಳ್ಳುವವನು, ಮತ್ತೊಬ್ಬರ ಜೊತೆ ಹಚ್ಚುತ್ತಿದ್ದ. ಕೆಲಸಕ್ಕೆ ಮಾತ್ರ. ಜೋಡಿ ಎಂದರೆ ಗಂಡ ಹೆಂಡತಿ ಅಲ್ಲ ಎಂಬುದು ಗಣಿಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ಹುಡುಗಿ ಒಡಿಶಾದವಳು. ಗಂಡನ ಜೊತೆ ಬಂದು ಎರಡು ವರ್ಷವಾಗಿತ್ತು. ನನ್ನ ಬೆನ್ನು ಬಿದ್ದು ಕನ್ನಡ ಕಲಿತಳು. ಬೀದರಿನ ಕನ್ನಡದಲ್ಲಿ ಅವಳಿಗೆ ಬಲು ಹಿಡಿಸಿದ್ದು 'ರಿ'. ಅದನ್ನು ಯಾರಿಗೆ ಅನ್ನಬೇಕು, ಯಾರಿಗೆ ಅನ್ನಬಾರದು ಎಂದು ಗೊತ್ತಾಗದೆ ಎಲ್ಲದಕ್ಕೂ ಹಚ್ಚುತ್ತಿದ್ದಳು. ರೊಟ್ಟಿ ಕದಿಯಲು ಬಂದ ನಾಯಿಗೂ "ಹೋಗ್ರಿ, ಹೋಗ್ರಿ" ಎನ್ನುವಳು. ನಾನು ನಕ್ಕು ನಕ್ಕು ಸುಸ್ತಾಗುತ್ತಿದ್ದೆ. ಅವಳಿದ್ದ ಸಾಲಿನ ಗುಡಿಸಲುಗಳಿಗೆ ಹೋಗುವ ದಿನ ನನಗೆ ಬೇಸರವಾಗುತ್ತಿರಲಿಲ್ಲ.

ಚಳಿಗಾಲದಲ್ಲಿ ಅವಳ ಗಂಡ ಊರಿಗೆ ಹೋಗಿ ಹತ್ತು ದಿನದಲ್ಲಿ ಬರುತ್ತೇನೆಂದು ಹೊರಟವನು ಬರಲಿಲ್ಲ. ಅವನು ಊರನ್ನೇ ತಲುಪಿಲ್ಲ ಎಂದು ಅವಳ ತವರಿನಿಂದ ಫೋನ್ ಬಂತು. ಅವನ ಫೋನ್ ಬಂದ್ ಆಗಿತ್ತು. ಬದುಕಿದ್ದಾನೋ ಇಲ್ಲವೋ ಇಂದಿಗೂ ಯಾರಿಗೂ ಗೊತ್ತಿಲ್ಲ. ಅವನು ಹೋದ ಮೇಲೆಯೇ ಅವಳಿಗೆ ತಾನು ಬಸುರಿ ಎಂದು ತಿಳಿದದ್ದು. ಅವನು ತಿರುಗಿ ಬಂದರೆ ತನ್ನನ್ನು ಎಲ್ಲಿ ಹುಡುಕಬೇಕು ಎಂದು ಅವಳು ಗುಡಿಸಲು ಬಿಡಲು ಒಪ್ಪಲಿಲ್ಲ. ಜೋಡಿ ಇಲ್ಲದೆ ಗುಡಿಸಲು ಇಲ್ಲ. ಮುಕಾದಮ ಅವಳನ್ನು ಭಾಲ್ಕಿ ಕಡೆಯ ಒಬ್ಬ ಗಂಡಸಿನ ಜೊತೆ ಹಚ್ಚಿದ.

ಆ ಮನುಷ್ಯ ನಲವತ್ತರ ಹತ್ತಿರದವನು. ಹೆಂಡತಿ ಎಂದೋ ತವರಿಗೆ ಹೋಗಿ ಅಲ್ಲೇ ಉಳಿದಿದ್ದಳು, ಮಕ್ಕಳಿರಲಿಲ್ಲ. ಅವನನ್ನು ಕೆಟ್ಟವನು ಎಂದು ಬರೆದುಬಿಟ್ಟರೆ ನನಗೆ ಎಷ್ಟೋ ಹಗುರ. ಆದರೆ ಅವನು ಕೆಟ್ಟವನಾಗಿರಲಿಲ್ಲ. ಕಲ್ಲು ತಾನೇ ಮೀಟಿ, ಅರ್ಧದಷ್ಟನ್ನು ತಾನೇ ಹೊರುತ್ತಿದ್ದ. ಮಲಗುವುದು ಲಾರಿ ಶೆಡ್ಡಿನಲ್ಲಿ. ಅವಳ ಗುಡಿಸಲಿನ ಹೊಸ್ತಿಲು ದಾಟಿದ್ದನ್ನು ನಾನು ನೋಡಲಿಲ್ಲ, ಅಕ್ಕಪಕ್ಕದವರೂ ಹೇಳಲಿಲ್ಲ.

ಇನ್ನು ಆ ಮಧ್ಯಾಹ್ನ. ಬಸುರಿಯರಿಗೆ ತಾಯಿ ಕಾರ್ಡು ಮಾಡಿಸುವುದು ನನ್ನ ಕೆಲಸ. ಕಾರ್ಡಿದ್ದರೆ ತಪಾಸಣೆ, ಗುಳಿಗೆ, ಹೆರಿಗೆ ಎಲ್ಲ ಸಲೀಸು. ಅವಳ ಮೈಯಲ್ಲಿ ರಕ್ತವೇ ಇರಲಿಲ್ಲ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು. ಕಾರ್ಡಿನಲ್ಲಿ ಗಂಡನ ಹೆಸರು, ಫೋನ್ ನಂಬರು ಬರೆಯುವ ಜಾಗವಿತ್ತು. ಗಂಡನ ನಂಬರಿಗೆ ಹಚ್ಚಿದರೆ ಹೋಗುತ್ತಿರಲಿಲ್ಲ. ಅವನ ಕಾಗದಗಳೂ ಅವನ ಜೊತೆಗೇ ಹೋಗಿದ್ದವು. ಆ ಜಾಗ ಖಾಲಿ ಬಿಟ್ಟು, ಗಂಡ ಕಾಣೆಯಾಗಿದ್ದಾನೆ ಎಂದು ಬರೆದು ಮೇಲಿನವರನ್ನು ಕೇಳಬಹುದಿತ್ತು. ಎರಡು ಸಲ ಓಡಾಡಬೇಕಿತ್ತು, ಅಷ್ಟೇ. ಜೊತೆಗೆ, ಖಾಲಿ ಜಾಗವಿರುವ ಕಾರ್ಡು ನನ್ನ ಕೈಯಿಂದ ಎಂದೂ ಹೋಗಿರಲಿಲ್ಲ.

ಆ ಭಾಲ್ಕಿಯವನು ಅಲ್ಲೇ ಹಾರೆ ಹಿಡಿದು ನಿಂತಿದ್ದ. "ನಿನ್ನ ಹೆಸರು ಬರ್ಕೊಳ್ಳಲೇನು? ನಂಬರ್ ಹೇಳು," ಅಂದೆ.

"ಬರ್ಕೋರಿ ಅಕ್ಕಾರ. ನಂದೇನ್ ಹೋಗ್ತದ," ಅಂದ.

ಅವಳು ನನ್ನ ಕೈ ಹಿಡಿದಳು. "ಅಕ್ಕಾ, ಇವ್ರು ನನ್ನ ಗಂಡ ಅಲ್ರಿ."

"ಗೊತ್ತದ ನನಗ. ಸುಮ್ಮನಿರು," ಎಂದು ಗದರಿದೆ. "ಜೋಡಿ ಇದ್ದೀರಿಲ್ಲ? ಬರೇ ಕಾಗದಕ್ಕ ಇದು. ಕಾಗದ ಏನ್ ನಿನ್ನ ತಿಂತದೇನು?"

ಅವಳು ಕೈ ಬಿಟ್ಟಳು. ನಾನು ಬರೆದೆ. ಚೆಂದಾಗಿಯೇ ಬರೆದೆ.

ಆಮೇಲೆ ಎಲ್ಲವೂ ಆ ಕಾರ್ಡನ್ನು ನೋಡಿಯೇ ಆಯಿತು. ದವಾಖಾನೆಯಲ್ಲಿ ಹೆಸರು ಬರೆದುಕೊಂಡದ್ದು ಕಾರ್ಡು ನೋಡಿ, ರಕ್ತಕ್ಕೆ ಸಹಿ ಹಾಕೆಂದು ಕರೆದದ್ದು ಕಾರ್ಡಿನಲ್ಲಿದ್ದ ನಂಬರಿಗೆ, ಹುಟ್ಟಿದ ಕೂಸಿನ ಪ್ರಮಾಣಪತ್ರದಲ್ಲಿ ತಂದೆ ಎಂದು ಬಂದದ್ದು ಅದೇ ಹೆಸರು. ಹೆಣ್ಣು ಕೂಸು. ನರ್ಸಮ್ಮ ಹೊರಗೆ ಬಂದು ಅವನ ಹೆಸರು ಕೂಗಿ ಕೂಸನ್ನು ಅವನ ಕೈಗೇ ಕೊಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಅವನು ಬೇಡ ಎನ್ನಲಿಲ್ಲ. ಹೊದಿಕೆ ಸರಿಸಿ ಮುಖ ನೋಡಿದ, ನೋಡುತ್ತಲೇ ನಿಂತ. ಅವನಿಗೆ ಅವತ್ತು ಏನಾಯಿತು ಎಂದು ನನಗೆ ಅರ್ಥವಾಗಬೇಕಿತ್ತು.

ಕೂಸು ದೊಡ್ಡದಾಗುತ್ತ ಹೋದಂತೆ ಅವನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಬಿಡುವಿದ್ದಾಗ ಅದರ ರೆಪ್ಪೆಯ ಧೂಳನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದ. ಹುಡುಗಿಗೂ ಅದರಿಂದ ನೆಮ್ಮದಿಯೇ ಇತ್ತು. ಆದರೆ ಅವಳ ಮನಸ್ಸೆಲ್ಲ ತವರಿನ ಕಡೆ. ಗಂಡ ಬರುವುದಿಲ್ಲ ಎಂದು ಅಷ್ಟರಲ್ಲಿ ಅವಳಿಗೂ ಮನದಟ್ಟಾಗಿತ್ತು. ತಾಯಿ ಕರೆಯುತ್ತಿದ್ದಳು. ಮಳೆಗಾಲಕ್ಕೆ ಗಣಿಯಲ್ಲಿ ನೀರು ತುಂಬಿ ಕೆಲಸ ನಿಲ್ಲುವ ಮೊದಲು ಅಣ್ಣ ಬಂದು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಅಣ್ಣ ಬಂದ. ಮೂರನೆಯ ದಿನದ ರೈಲಿಗೆ ಟಿಕೆಟ್ಟೂ ಆಯಿತು. ಅವಳು ನಮ್ಮ ಮನೆಗೆ ಬಂದು ನನ್ನ ಅತ್ತೆಯ ಕಾಲಿಗೆ ಬಿದ್ದು ಹೋದಳು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅವಳೇ ನಿಂತಿದ್ದಳು. ಚಪ್ಪಲಿ ಇಲ್ಲ, ತಲೆ ಬಾಚಿಲ್ಲ, ಕಂಕುಳಲ್ಲಿ ಕೂಸಿಲ್ಲ.

"ಭಾಲ್ಕಿಯವ್ರು ರಿ, ನಮ್ಮವ್ವಗ ಒಮ್ಮಿ ತೋರಿಸ್ಕೊಂಡು ಸಂಜೀಕ ತಂದ್ ಕೊಡ್ತೇನಿ ಅಂದ್ರು ರಿ. ನಾ ಕೊಟ್ಟೆ ರಿ. ಬರ್ಲಿಲ್ಲ ರಿ, ಅಕ್ಕಾ."

ಅವಳನ್ನೂ ಅವಳ ಅಣ್ಣನನ್ನೂ ಕರೆದುಕೊಂಡು ಭಾಲ್ಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಬಾಯಿಗೆ ಬಂದದ್ದನ್ನೆಲ್ಲ ಆ ಭಾಲ್ಕಿಯವನಿಗೆ ಬೈದೆ. ಹೋಗಿ ಎರಡು ಮಾತು ಜೋರು ಮಾಡಿದರೆ ಕೂಸನ್ನು ಕೊಡುತ್ತಾನೆ ಎಂದುಕೊಂಡಿದ್ದೆ. ಭಾಲ್ಕಿಯಲ್ಲಿ ಇಳಿದು ಟಂಟಂ ಆಟೊ ಹಿಡಿದು ಅವನ ಹಳ್ಳಿ ಮುಟ್ಟಿದಾಗ ಅವನ ಅಂಗಳದಲ್ಲಿ ಆಗಲೇ ಹತ್ತು ಜನ ಹಿರಿಯರು ಕುಳಿತಿದ್ದರು. ಕೂಸು ಅವನ ತಾಯಿಯ ಮಡಿಲಲ್ಲಿತ್ತು. ಹೊಸ ಅಂಗಿ ಹಾಕಿದ್ದರು, ಕಾಲಿಗೆ ಕರಿ ದಾರ ಕಟ್ಟಿದ್ದರು.

ಅವನು ತಲೆ ತಗ್ಗಿಸಿ ಕುಳಿತಿದ್ದ. ಹಿರಿಯರ ಪೈಕಿ ಒಬ್ಬರು ನಿವೃತ್ತ ಮಾಸ್ತರರು, ಕನ್ನಡಕ ಹಾಕಿಕೊಂಡು, ಅವನು ಕೂಸಿನ ಜೊತೆಗೇ ತಂದಿದ್ದ ತಾಯಿ ಕಾರ್ಡನ್ನು ಗಟ್ಟಿಯಾಗಿ ಓದಿದರು. ಆಮೇಲೆ ಹುಡುಗಿಯನ್ನು ಕೇಳಿದರು. "ನೋಡವ್ವ, ಗಂಡ ಅಂತ ಇವನ ಹೆಸರೇ ಅದ. ನೀ ಇವನ ಹೇಣ್ತಿ ಆದ್ಮ್ಯಾಲ ಕೂಸಿನ ತಗೊಂಡು ಎಲ್ಲಿಗಿ ಹೋಗ್ತಿ?"

"ನಾ ಹೇಣ್ತಿ ಅಲ್ರಿ," ಅಂದಳು. "ಜೋಡಿ ರಿ. ಕಲ್ಲಿಂದು ಜೋಡಿ ರಿ. ಈ ಅಕ್ಕಾಗ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮಾಸ್ತರರು ಕಾರ್ಡನ್ನು ನನ್ನ ಮುಂದೆ ಹಿಡಿದರು. "ಇದು ನಿಮ್ಮ ಅಕ್ಷರ ಏನವ್ವ?"

"ಹೌದ್ರಿ."

"ಬರ್ದದ್ದು ಖರೇ ಅದನೋ, ಸುಳ್ಳು ಬರ್ದೀರೋ?"

ಆಗ ನಾನು ಕಂಡೆ. ಗೋಡೆಗೆ ಒರಗಿ ನಿಂತ ಒಬ್ಬ ಮೊಬೈಲ್ ಎತ್ತಿ ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಸರ್ಕಾರಿ ಕಾರ್ಡಿನಲ್ಲಿ ಸುಳ್ಳು ಬರೆದೆ ಎಂದು ನಾನು ಅನ್ನುವುದು, ಅದು ಸಂಜೆಯೊಳಗೆ ಎಲ್ಲರ ಫೋನಿನಲ್ಲಿ ತಿರುಗುವುದು, ಕೆಲಸ ಹೋಗುವುದು, ಅತ್ತೆಯ ಮುಂದೆ, ಓಣಿಯ ಮುಂದೆ ನಿಲ್ಲುವುದು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ನಿಜ ಹೇಳಲು ಒಂದು ಮಾತು ಸಾಕಾಗಿತ್ತು. ಎಲ್ಲರಿಗೂ ಬೈಯುವ ನನ್ನ ಬಾಯಿಗೆ ಆ ಒಂದು ಮಾತು ಬರಲಿಲ್ಲ.

"ಖರೇ ಅದರಿ," ಅಂದೆ.

ಹುಡುಗಿ ನನ್ನನ್ನೇ ನೋಡಿದಳು. ಅವಳ ಅಣ್ಣನಿಗೆ ಕನ್ನಡ ಬರುತ್ತಿರಲಿಲ್ಲ. ನಾನು ತಂಗಿಯ ಪರವಾಗಿ ಸಾಕ್ಷಿ ಹೇಳಿದೆ ಎಂದುಕೊಂಡ ಅವನು ಎದ್ದು ನಿಂತು ನನಗೆ ಎರಡೂ ಕೈ ಜೋಡಿಸಿದ. ಆ ಹೊತ್ತಿನಲ್ಲಿ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹೆಂಡತಿ ತವರಿಗೆ ಹೋಗಿ ಬರುವುದಾದರೆ ಹೋಗಿ ಬರಲಿ, ಕೂಸು ತಂದೆಯ ಮನೆಯಲ್ಲೇ ಇರಲಿ ಎಂದು ಹಿರಿಯರು ಹೇಳಿದರು. ಠಾಣೆಗೆ ಹೋಗೋಣ ಎಂದು ಅಣ್ಣ ಹಟ ಹಿಡಿದ. ಅಲ್ಲಿಯೂ ಇದೇ ಕಾರ್ಡು, ಇದೇ ಅಕ್ಕ ಎಂದು ಅವಳು ಅವನಿಗೆ ಹೇಳಿರಬೇಕು. ಅವರ ಮಾತು ನನಗೆ ತಿಳಿಯಲಿಲ್ಲ, ಆದರೆ ಹೇಳುವಾಗ ಒಮ್ಮೆ ನನ್ನ ಕಡೆ ಕೈ ತೋರಿಸಿದಳು. ಅಣ್ಣ ಮತ್ತೆ ನನ್ನ ಮುಖ ನೋಡಲಿಲ್ಲ. ಮರುದಿನದ ರೈಲಿಗೆ ಒಬ್ಬನೇ ಹೋದ. ಅವಳು ಆ ಅಂಗಳದಲ್ಲೇ ಕುಳಿತಳು. ಕೂಸು ಹಸಿದು ಅಳತೊಡಗಿದಾಗ ಮುದುಕಿ ತಂದು ಅವಳ ಮಡಿಲಿಗೆ ಹಾಕಿದಳು. ಅವಳು ಸೆರಗು ಹೊದ್ದು ಹಾಲು ಕುಡಿಸಿದಳು.

ನಾನು ನೌಬಾದಕ್ಕೆ ಹೋಗಲಿಲ್ಲ, ಬಸ್ಸು ಬದಲಿಸಿ ಔರಾದಕ್ಕೆ, ಅಲ್ಲಿಂದ ಎಕಂಬಾಕ್ಕೆ ಅವ್ವನ ಹತ್ತಿರ ಹೋದೆ. ಅವಳು ಬೈಯಲಿ, ಬೇಕಾದರೆ ಹೊಡೆಯಲಿ ಎಂದೇ ಹೋದೆ. ಎಲ್ಲ ಹೇಳಿದೆ. ಅವ್ವ ತಾಟು ತೊಳೆದು ರೊಟ್ಟಿ ಇಟ್ಟಳು. "ಹೇಳಿದ್ರ ನಿನ್ನ ಕೆಲಸ ಹೋಗ್ತಿತ್ತು. ಆಗಿದ್ದು ಆಯ್ತು, ಬಿಡು. ಉಣ್ಣು ಬಾ," ಅಂದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ತಾಟಿನ ಮುಂದೆ ಕುಳಿತೆ, ರೊಟ್ಟಿ ಮುರಿದೆ, ಬಾಯಿಗೆ ಹೋಗಲಿಲ್ಲ.

ಎರಡು ವರ್ಷವಾಯಿತು. ನನ್ನ ಕೆಲಸ ಹಾಗೇ ಇದೆ. ಈಗಲೂ ಮೀಟಿಂಗಿನಲ್ಲಿ ನನ್ನ ರಿಜಿಸ್ಟರು ತೋರಿಸುತ್ತಾರೆ. ನಾನು ಕಿಟಕಿಯ ಕಡೆ ಮುಖ ಮಾಡುತ್ತೇನೆ.

ಹೋದ ತಿಂಗಳು ಸಂಬಂಧಿಕರ ಮದುವೆಗೆಂದು ಹೋದಾಗ ಅವಳು ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ಅವಳೇ ನೋಡಿ ಹತ್ತಿರ ಬಂದಳು. ಹಸಿರು ಬಳೆ, ತಲೆ ತುಂಬ ಸೆರಗು. ಕೈ ಹಿಡಿದು ನಿಂತ ಮಗಳು ನನ್ನನ್ನು ಗುರುತಿಸಲಿಲ್ಲ. ಇವಳ ಹೊಟ್ಟೆ ಮುಂದೆ ಬಂದಿತ್ತು, ಆರೇಳು ತಿಂಗಳಿರಬೇಕು. ಅವನು ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಅತ್ತೆಯೂ ಚೆನ್ನಾಗಿದ್ದಾಳೆ ಎಂದಳು. ತವರಿಗೆ ಒಮ್ಮೆಯೂ ಹೋಗಿಲ್ಲ. ಕಳೆದ ವರ್ಷ ತಾಯಿ ತೀರಿಕೊಂಡದ್ದು ಫೋನಿನಲ್ಲಿ ಗೊತ್ತಾಯಿತಂತೆ. ಇದನ್ನೆಲ್ಲ ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು.

ಏನಾದರೂ ಆಡಬೇಕೆಂದು, "ತಪಾಸಣೆ ಮಾಡಿಸ್ಕೊಂಡೀಯಿಲ್ಲ? ಕಾರ್ಡ್ ಆಗ್ಯದೇನು?" ಎಂದು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ನನ್ನ ಮುಖ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಆಗ್ಯದರಿ ಅಕ್ಕಾ," ಅಂದಳು. "ಈ ಸಲ ಗಂಡನ ಹೆಸರು ಖರೇ ಬರ್ದಾರ್ರಿ."