ದೋಣಿಯಲ್ಲಿ ಮಾತಾಡುವಂತಿಲ್ಲ

ಬಯಾನ್ ಲೆಪಾಸ್‌ನ ಕಾರ್ಖಾನೆಯಲ್ಲಿ ನನ್ನ ಕೆಲಸವೆಂದರೆ ಕಂಪ್ಯೂಟರ್ ಚಿಪ್‌ಗಳನ್ನು ಅವು ಕೆಡುವವರೆಗೂ ಬಿಸಿ ಮಾಡಿ ನೋಡುವುದು. ಕೆಡದೆ ಉಳಿದರೆ ಬೇರೆಯವರಿಗೆ ಸಮಾಧಾನ, ನನಗೆ ಇನ್ನಷ್ಟು ಅನುಮಾನ. ಇಂಥವನು ರಜೆಯ ದಿನ ಬೋರ್ಡ್ ಗೇಮ್ ಕಟ್ಟಲು ಕೂತದ್ದು ಗೆಳೆಯರಿಗೆ ತಮಾಷೆ. ಹವ್ಯಾಸ ಎಂದು ಹೇಳಿಕೊಂಡಿದ್ದೆ. ನಿಜವೆಂದರೆ, ಮಗಳು ಹಾಸ್ಟೆಲ್ ಸೇರಿದ ಮೇಲೆ ನಾನೂ ಹೆಂಡತಿಯೂ ಒಂದೇ ಮೇಜಿಗೆ ಕೂರುವುದು ನಿಂತುಹೋಗಿತ್ತು. ಅವಳನ್ನು ಎದುರಿಗೆ ಕೂರಿಸಿಕೊಳ್ಳಲು ನನಗೊಂದು ನೆಪ ಬೇಕಿತ್ತು.

ಇಬ್ಬರೂ ಸೇರಿ ಒಂದೇ ದೋಣಿಯನ್ನು ದಡ ಮುಟ್ಟಿಸಬೇಕು, ಅಷ್ಟೇ ಆಟ. ಪ್ರತಿ ಸಲ ಇಬ್ಬರೂ ಒಂದರಿಂದ ಐದರವರೆಗೆ ಹುಣಸೆಬೀಜ ಹಿಡಿದು ಒಟ್ಟಿಗೆ ಮುಷ್ಟಿ ಬಿಚ್ಚಬೇಕು. ಸಮನಾದರೆ ದೋಣಿ ಅಷ್ಟು ಮನೆ ಮುಂದೆ. ಇಲ್ಲದಿದ್ದರೆ ಬಂಡೆಯ ಕಡೆಗೆ ವಾಲುತ್ತದೆ. ಮಾತು, ಸನ್ನೆ ಎರಡೂ ಕೂಡದು. ಎದುರಿನವರ ಮನಸ್ಸನ್ನು ಊಹಿಸುವುದೇ ಇದರ ಹೊಸತನ ಎಂದು ಒಳಗೊಳಗೇ ಬೀಗಿದ್ದೆ.

ಮೊದಲು ಪಕ್ಕದ ಫ್ಲ್ಯಾಟಿನ ತಮಿಳು ದಂಪತಿಯನ್ನು ಕರೆದು ಆಡಿಸಿದೆ. ಆತ ಕೆಮ್ಮಿ ಲೆಕ್ಕ ಕೊಟ್ಟ, ಆಕೆ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಕೊನೆಗೆ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ, ನಗುತ್ತಾ ಮುಳುಗಿದರು. ನಿಯಮ ನಿಲ್ಲುತ್ತಿಲ್ಲವಲ್ಲ ಎಂದು ನನಗೆ ಚಿಂತೆ ಹತ್ತಿತು.

ಮುಂದಿನ ಭಾನುವಾರ ನಾವಿಬ್ಬರೇ ಆಡಿದೆವು. ನನ್ನದು ಪುಕ್ಕಲು ಕೈ ಎಂದುಕೊಂಡಳೋ ಏನೋ, ಹೆಂಡತಿ ಒಂದೇ ಬೀಜ ಹಿಡಿದಿದ್ದಳು. ಹಾಗೆ ಅಂದುಕೊಂಡುಬಿಟ್ಟಾಳು ಎಂದೇ ನಾನು ಐದು ಹಿಡಿದಿದ್ದೆ. ಮರುಸಲ ಅವಳದು ಐದು, ನನ್ನದು ಒಂದು. ಕೆಮ್ಮಿಲ್ಲ, ಕಾಲು ತುಳಿತವಿಲ್ಲ. ದೋಣಿ ಬಂಡೆಗೆ ಬಡಿಯುವವರೆಗೂ ನಿಯಮ ಕೂದಲೆಳೆಯಷ್ಟೂ ಮುರಿಯಲಿಲ್ಲ. ಕಾರ್ಖಾನೆಯಲ್ಲೂ ಇಷ್ಟು ಶುದ್ಧವಾದ ಪರೀಕ್ಷೆ ನಡೆಸಿದ ನೆನಪಿಲ್ಲ.

ಹೇಗಿತ್ತು ಎಂದು ಕೇಳಿದೆ.

“ಆಟದ್ದೇನೂ ತಪ್ಪಿಲ್ಲ ರೀ,” ಎಂದಳು. “ಮಾತಾಡಬಾರ್ದು ಅನ್ನೋದು ರೂಲ್ ಅಂತ ನಂಗೆ ಮರ್ತೇ ಹೋಗಿತ್ತು.”

ಅವಳು ಏಳುವ ಮೊದಲೇ ನಿಯಮ ಬದಲಿಸಿದೆ: ಮುಷ್ಟಿ ಬಿಚ್ಚುವ ಮುಂಚೆ ಒಬ್ಬರು ಇನ್ನೊಬ್ಬರನ್ನು ಒಂದು ಪ್ರಶ್ನೆ ಕೇಳಬಹುದು, ಏನು ಬೇಕಾದರೂ. ಅವಳು ಮತ್ತೆ ಬೀಜ ಹಿಡಿದು ಕೂತಳು. ಈ ಸಲ ನನ್ನ ಮುಖವನ್ನೇ ನೋಡುತ್ತಿದ್ದಳು. ಮೊದಲ ಪ್ರಶ್ನೆ ನನ್ನದು. ಬೆವರಿಗೆ ಬೀಜಗಳು ಅಂಗೈಗೆ ಅಂಟುವಷ್ಟು ಹೊತ್ತು ಯೋಚಿಸಿದೆ.

“ಮಧ್ಯಾಹ್ನಕ್ಕೆ ತಪಾವ್ ತರ್ಲಾ?”

ಅನ್ನ ಮಾಡಿದ್ದೇನೆ, ಹೊರಗಿನ ಊಟ ಬೇಡ ಎಂದು ಅವಳು ಮುಷ್ಟಿ ಬಿಚ್ಚಿದಳು. ಬೀಜಗಳನ್ನು ಎಣಿಸದೆ ಡಬ್ಬಿಗೆ ಸುರಿದು, ಕುಕ್ಕರ್ ನೋಡಲು ಎದ್ದುಹೋದಳು.