ಬೆನ್ನ ಹಿಂದಿನ ಎಡಗೈ

ನಮ್ಮ ಮನೆ ಓನರ್ ಎಡಗೈ ಸದಾ ಬೆನ್ನ ಹಿಂದೆ ಇರುತ್ತಿತ್ತು. ಗಾಜಿನ ವಾಲ್ವುಗಳಿರುವ ಹಳೇ ಕಾಲದ ಆಂಪ್ಲಿಫೈಯರ್‌ಗಳ ರಿಪೇರಿಯಿಂದ ಬಂದ ಅಭ್ಯಾಸ. ಎರಡೂ ಕೈ ಒಳಗಿಟ್ಟರೆ ಕರೆಂಟು ಎದೆಯ ಮೂಲಕ ಹಾಯ್ದೀತೆಂಬ ಭಯ. ಬರಬರುತ್ತ ಬಾಡಿಗೆದಾರರ ಜೊತೆ ಮಾತಾಡುವಾಗಲೂ ಹಾಗೇ ನಿಲ್ಲುತ್ತಿದ್ದರು, ನಾವೂ ಶಾಕ್ ಹೊಡೆಯುತ್ತೇವೇನೋ ಎಂಬಂತೆ.

ಪೀಣ್ಯದಲ್ಲಿ ಅವರ ಹೊಲವಿದ್ದ ಜಾಗದಲ್ಲೇ ಫ್ಯಾಕ್ಟರಿ ಷೆಡ್ಡುಗಳೂ ನಮ್ಮ ವಠಾರವೂ ಎದ್ದಿದ್ದವು. ಯಾರ ಮೇಲೂ ಅವರಿಗೆ ನಂಬಿಕೆಯಿಲ್ಲ. ಹಾಲಿನ ಪ್ಯಾಕೆಟ್ಟನ್ನು ಕೈಯಲ್ಲೇ ತೂಗಿ ನೋಡುವರು. ನೀರಿನ ಟ್ಯಾಂಕರ್ ಬಂದರೆ ಮೇಲೆ ಹತ್ತಿ ಇಣುಕುವರು.

ತೀರಿಹೋದ ನನ್ನ ಅಣ್ಣ ಕೈಯಾರೆ ಜೋಡಿಸಿದ್ದ ಆಂಪ್ಲಿಫೈಯರ್ ಒಂದು ಸಂಜೆ ಹೊಗೆಯಾಡಿ ನಿಂತಿತು. ಒಳಗಿನ ಬೋರ್ಡಿನ ಮೂಲೆ ಕರಕಲಾಗಿತ್ತು. "ಬೋರ್ಡೇ ಬಿಸಾಕಿ ಮೇಡಂ, ಹೊಸದು ಹಾಕ್ಕೊಡ್ತೀವಿ" ಅಂದರು ರಿಪೇರಿ ಅಂಗಡಿಯವರು. ಅಣ್ಣನ ಕೈಕೆಲಸವೆಂದು ಉಳಿದದ್ದೇ ಅದು, ಹೇಗೆ ಬಿಸಾಡಲಿ? ಓನರಿಗೆ ಕೊಡದೆ ಬೇರೆ ದಾರಿಯಿರಲಿಲ್ಲ. ಆದರೆ ಹಳೆಯ ವಾಲ್ವುಗಳಿಗೆ ಬೇಡಿಕೆ ಜಾಸ್ತಿ, ಬದಲಾಯಿಸಿಬಿಟ್ಟರೆ? ಒಂದೊಂದರ ಬುಡಕ್ಕೂ ಉಗುರುಬಣ್ಣದ ಚುಕ್ಕೆ ಇಟ್ಟು ಒಯ್ದೆ.

ಮೊದಲು ಅವರ ಕಣ್ಣಿಗೆ ಬಿದ್ದದ್ದೇ ಅದು. ಮುಖ ಅರಳಿತು. "ಗುರುತು ಮಾಡ್ಕೊಂಡ್ ಬಂದಿದ್ದೀಯಾ? ಭೇಷ್ ಕಣಮ್ಮ! ಇಂಗಿರ್ಬೇಕು. ಕೂತ್ಕೋ, ನಿನ್ನ ಎದುರಿಗೇ ಮಾಡ್ತೀನಿ. ನನ್ನೂ ನಂಬಬೇಡ."

ನಾಚಿಕೆಯಾಯಿತು. ಆದರೂ ಕೂತೆ.

ಪ್ಲಗ್ ಕಿತ್ತಿದ್ದರೂ ಒಳಗೆ ಕರೆಂಟು ಅಡಗಿರುತ್ತದೆಂದು ಮೀಟರ್ ಇಟ್ಟು ನೋಡಿದರು. ಮತ್ತೊಮ್ಮೆ ನೋಡಿದ ಮೇಲೆಯೇ ಎಡಗೈ ಮುಂದೆ ಬಂತು. "ಸುಟ್ಟು ಕರಿ ಆಗಿರೋ ಜಾಗ ಕಳ್ಳ ಕಣಮ್ಮ, ಅದ್ರೊಳಗೇ ಕರೆಂಟ್ ನುಸುಳ್ತದೆ" ಎನ್ನುತ್ತ ಕರಕಲನ್ನೆಲ್ಲ ಹೆರೆದು ತೆಗೆದರು. ಸುಟ್ಟುಹೋದ ತಾಮ್ರದ ಗೆರೆಯ ಬದಲು ತೆಳ್ಳನೆಯ ತಂತಿ ಬೆಸೆದರು. ಆಂಪ್ಲಿಫೈಯರ್ ಆನ್ ಮಾಡಿ, ಎಡಗೈ ಮತ್ತೆ ಹಿಂದಕ್ಕಿಟ್ಟು, ಮರದ ಕಡ್ಡಿಯಿಂದ ಅಣ್ಣನ ಬೆಸುಗೆಗಳನ್ನು ಒಂದೊಂದಾಗಿ ತಟ್ಟತೊಡಗಿದರು. ಎಲ್ಲವೂ ಕಡಲೆಬೇಳೆಯಷ್ಟು ದಪ್ಪ, ಒರಟು.

"ಯಾರಮ್ಮ ಇಂಗ್ ಮೆತ್ತಿರೋದು?"

"ನಮ್ಮಣ್ಣ," ಅಂದೆ. ಎಲ್ಲವನ್ನೂ ಕಿತ್ತು ಹೊಸದಾಗಿ ಬೆಸೆಯುತ್ತಾರೇನೋ ಎಂದು ಹೆದರಿದ್ದೆ.

ಬೆಸುಗೆ ಸಡಿಲವಾಗಿದ್ದರೆ ತಟ್ಟಿದಾಗ ಸದ್ದು ಬರಬೇಕಿತ್ತು. ಸ್ಪೀಕರಿನಿಂದ ಒಂದು ಚಟಪಟವೂ ಕೇಳಲಿಲ್ಲ. ಓನರ್ ಕಡ್ಡಿ ಕೆಳಗಿಟ್ಟರು. "ನೋಡಕ್ ಚೆಂದಾಗಿಲ್ಲ. ಆದ್ರೆ ನಂಬಬೋದು."

ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಅಲ್ಲೇ ಅತ್ತುಬಿಟ್ಟೆ. ಅವರು ಎಡಗೈಯನ್ನು ಬೆನ್ನ ಹಿಂದಿನಿಂದ ತೆಗೆದು ನನ್ನ ತಲೆಯ ಮೇಲಿಟ್ಟರು.

ಆಂಪ್ಲಿಫೈಯರ್ ಇವತ್ತಿಗೂ ಹಾಡುತ್ತಿದೆ. ಉಗುರುಬಣ್ಣದ ಚುಕ್ಕೆಗಳೂ ಹಾಗೇ ಇವೆ, ಅಳಿಸುತ್ತೇನೆಂದದ್ದಕ್ಕೆ ಓನರ್ ಬೈದಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿ ಅಂಗಳದಲ್ಲಿ ಮಲಗಿಸಿದ್ದರು. ನನಗೆ ನೋಡಲಾಗಲಿಲ್ಲ. ಆ ಎಡಗೈಯನ್ನು ಬೆನ್ನ ಹಿಂದಿಡಿ ಎಂದು ಯಾರಿಗಾದರೂ ಹೇಳಬೇಕೆನಿಸಿತು.