ಕೋಟೆ ಬಿಟ್ಟುಕೊಡುವ ಕೆಲಸ

ಬೆಳಗಿನ ಆರು ಗಂಟೆ. ಬೈಲಹೊಂಗಲದ ಬಜಾರ ಓಣಿಯ ಗೇಮ್ ಸೆಂಟರಿನಲ್ಲಿ ಎಂಟೂ ಕಂಪ್ಯೂಟರ್ ಗುಂಯ್ ಅನ್ನುತ್ತಿವೆ. ಏಳಕ್ಕೆ ಕರೆಂಟ್ ಹೋಗುತ್ತದೆ, ಅಷ್ಟರೊಳಗೆ ಒಂದು ಕೋಟೆ ಬೀಳಲೇಬೇಕು. ಮುಂದಿನ ಕುರ್ಚಿಯಲ್ಲಿ ಗೊಬ್ಬರದ ಅಂಗಡಿಯವರ ಮಗ ಸೋಮಪ್ಪ. ಅರವತ್ತು ಕಾಲಾಳು, ನಾಲ್ಕು ಏಣಿ, ಬಾಗಿಲು ಒಡೆಯುವ ಒಂದು ದಿಮ್ಮಿ, ಇಷ್ಟನ್ನು ಕಟ್ಟಿಕೊಂಡು ಮುತ್ತಿಗೆ ಹಾಕಿದ್ದಾನೆ. ಪ್ಲೈವುಡ್ ಅಡ್ಡಗೋಡೆಯ ಹಿಂದೆ, ಎಂಟನೇ ಕಂಪ್ಯೂಟರಿನ ಮುಂದೆ ಕೂತು ಅದೇ ಕೋಟೆಯನ್ನು ಕಾಯುತ್ತಿರುವವರು ಮುಸ್ತಕೀಮ. ವಯಸ್ಸು ಇಪ್ಪತ್ತೊಂಬತ್ತು, ಈ ಸೆಂಟರಿನ ನೌಕರ. ಅವರ ಕೆಲಸ ಸೋಲುವುದು.

ತಮಾಷೆಯಲ್ಲ. ಸೋಲುವುದಕ್ಕೇ ಅವರಿಗೆ ಪಗಾರ.

ಸೋಮಪ್ಪ ಕುದುರೆ ಹತ್ತಿ ಎಲ್ಲರಿಗಿಂತ ಮುಂದೆ ನುಗ್ಗುತ್ತಾನೆ. ಮುಸ್ತಕೀಮ ಈಟಿಯವರ ಸಾಲನ್ನು ಎರಡೇ ಹೆಜ್ಜೆ ಮುಂದೆ ತರುತ್ತಾರೆ. ಕುದುರೆ ಬೀಳುತ್ತದೆ. ಮತ್ತೆ ಹತ್ತುತ್ತಾನೆ, ಮತ್ತೆ ಬೀಳುತ್ತದೆ.

"ಕುದರಿ ಗ್ವಾಡಿ ಏರೂದಿಲ್ರೀ," ಎಂದು ಅವರು ತಮ್ಮ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ. "ಆದ್ರ ಎಲ್ಲಾರಿಗೂ ಕುದರಿನ ಬೇಕು. ಕಾಲಾಳ್ ಗೂಡ ನಡಿಯಾಕ ಯಾರಿಗೂ ಮನಸಿಲ್ಲ. ಮೂರ್ ಸಲ ಕೆಡವ್ತೇನಿ. ನಾಕನೇ ಸಲ ತಾವ ಇಳದು ನಡೀತಾರ."

ನಾಲ್ಕನೇ ಸಲ ಸೋಮಪ್ಪ ಇಳಿದು ನಡೆಯುತ್ತಾನೆ. ಗುರಾಣಿಗಳನ್ನು ತಲೆಯ ಮೇಲೆ ಹೊತ್ತ ಕಾಲಾಳುಗಳ ನಡುವೆ ಪಡುವಣ ಮೂಲೆಗೆ ಏಣಿ ತರುತ್ತಾನೆ. ದಿನದಂತೆ ನಲವತ್ತನೇ ನಿಮಿಷಕ್ಕೆ ಮುಸ್ತಕೀಮರ ಎಡಗೈಯ ನಡುಬೆರಳು ಒಂದು ಗುಂಡಿ ಒತ್ತುತ್ತದೆ. ಆ ಮೂಲೆಯ ಹತ್ತು ಈಟಿಯವರು ಬೆನ್ನು ತಿರುಗಿಸಿ ಕೆಳಗಿಳಿಯುತ್ತಾರೆ. ಏಣಿ ಗೋಡೆ ಹಿಡಿಯುತ್ತದೆ.

"ಅಯ್ಯಯ್ಯೋ, ಹೋತಲ್ಲೋ ಕೋಟಿ!" ಎಂದು ತಲೆ ಬಡಿದುಕೊಳ್ಳುತ್ತಾರೆ. ಅದೂ ಕೆಲಸವೇ.

"ಏನಲೇ ಮುಸ್ತಕೀಮ, ನಿಂದು ಕೋಟಿಯೋ ಹಪ್ಪಳಾನೋ?" ಮುಂದಿನಿಂದ ಸೋಮಪ್ಪನ ಕೂಗು. ಹತ್ತು ವರ್ಷ ದೊಡ್ಡವರನ್ನು ಮಾತಾಡಿಸುವ ರೀತಿ ಇದು!

"ನಿಮ್ಮ ಮುಂದ ನಮ್ದೇನ್ ನಡೀತೈತ್ರಿ ಸಾವ್ಕಾರ್ರ," ಅನ್ನುತ್ತಾರೆ ಮುಸ್ತಕೀಮ. ಪಿತ್ತ ನೆತ್ತಿಗೇರುವುದು ನನಗೆ, ಅವರಿಗಲ್ಲ.

ಮುಸ್ತಕೀಮ ಏಳನೇ ಇಯತ್ತೆಗೆ ಸಾಲಿ ಬಿಟ್ಟವರು. 2001ರಲ್ಲಿ ಮುರಗೋಡದಿಂದ ಇಲ್ಲಿಗೆ ಬಂದಾಗ ಅವರ ಕೆಲಸ ಕಸ ಹೊಡೆಯುವುದು, ಕಂಪ್ಯೂಟರಿನ ಧೂಳು ಒರೆಸುವುದು. ಆಗ ಕೋಟೆ ಕಾಯುತ್ತಿದ್ದದ್ದು ಕಂಪ್ಯೂಟರೇ. ಅದು ದಿನಾ ಒಂದೇ ಥರ ಕಾಯುತ್ತಿತ್ತು. ಹುಡುಗರಿಗೆ ವಾರದಲ್ಲಿ ಬೇಸರ ಬಂತು. ಮಾಲೀಕ ಮಲ್ಲಿಕಾರ್ಜುನ ಈ ಕಸಬರಿಗೆಯವನನ್ನು ಹಿಡಿದು ಹಿಂದೆ ಕೂರಿಸಿ ಎರಡು ಕಟ್ಟಳೆ ಹಾಕಿದರು: ಅರ್ಧ ತಾಸಿನೊಳಗೆ ಸೋಲಬಾರದು, ಯಾವತ್ತೂ ಗೆಲ್ಲಬಾರದು. "ಸೋತ ಗಿರಾಕಿ ನಾಳಿಂದ ಕ್ಯಾರಂ ಆಡಾಕ ಹೊಕ್ಕಾನ, ನನಗೇನ್ ಬಂತು?" ಅನ್ನುತ್ತಾರೆ ಮಲ್ಲಿಕಾರ್ಜುನ, ಬಹಳ ದೊಡ್ಡ ಮಾತು ಹೇಳಿದವರಂತೆ.

ದಿನಕ್ಕೆ ಏಳು ಕೋಟೆ, ಐತವಾರ ಹನ್ನೊಂದು. ಶುಕ್ರವಾರದ ನಮಾಜಿಗೆ ಮಾತ್ರ ಬಿಡುವು. ಅವರು ಎಣಿಸಿಲ್ಲ, ನಾನು ಎಣಿಸಿದೆ. ಆರು ವರ್ಷದಲ್ಲಿ ಹದಿನಾರು ಸಾವಿರಕ್ಕೂ ಮೇಲೆ ಕೋಟೆ ಬಿಟ್ಟುಕೊಟ್ಟಿದ್ದಾರೆ. "ಸಣ್ಣ ಹುಡುಗ್ರಿಗೆ ಬಾಗಲಾ ಬಿಡ್ತೇನ್ರಿ, ದೊಡ್ಡವ್ರಿಗೆ ಮೂಲಿ. ಸುಮ್ಸುಮ್ನ ಬಿಟ್ರ ಗೊತ್ತಾಕ್ಕೈತಿ. ಗೆಲ್ಲೂಕಿಂತ ಸೋಲಾಕ ಹೆಚ್ಚಿಗಿ ತಲಿ ಬೇಕು."

ಗೋಡೆಯ ಮೇಲೆ 'ಕೋಟೆ ಗೆದ್ದ ವೀರರು' ಎಂಬ ಫಲಕವಿದೆ. ಇನ್ನೂರ ಹನ್ನೆರಡು ಹೆಸರು. ಸ್ಟೂಲ್ ಹತ್ತಿ ಆ ಹೆಸರುಗಳನ್ನು ಬರೆದವರು ಯಾರು? ಮುಸ್ತಕೀಮರೇ!

ಹೋದ ತಿಂಗಳು ರಾಮದುರ್ಗದ ಸೆಂಟರಿನವರು ಪಂದ್ಯಕ್ಕೆ ಕರೆದರು. ರಾಮದುರ್ಗದವರದು ದಾಳಿ, ಬೈಲಹೊಂಗಲದವರದು ಕಾವಲು. ಒಂದು ತಾಸು ಕೋಟೆ ಉಳಿದರೆ ಗೆಲುವು ನಮ್ಮದು. ಆಗ ನಮ್ಮ ವೀರರ ಮುಖ ನೋಡಬೇಕಿತ್ತು. ಇನ್ನೂರ ಹನ್ನೆರಡು ಜನರಲ್ಲಿ ಒಬ್ಬನೂ ಒಂದು ದಿನವೂ ಕೋಟೆ ಕಾದವನಲ್ಲ! ಬೇರೆ ದಾರಿಯಿಲ್ಲದೆ ಮುಸ್ತಕೀಮರನ್ನು ಟೆಂಪೋದ ಹಿಂದಿನ ಸೀಟಿಗೆ ತುರುಕಿದರು.

ಅಲ್ಲಿ ಅವರು ಆಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಮದುರ್ಗದವರ ದಿಮ್ಮಿ ಎರಡು ಸಲ ಸುಟ್ಟು ಬೂದಿಯಾಯಿತು. ಏಣಿ ಹಾಕಿದರೆ ನೂಕಲಿಲ್ಲ. ನಾಲ್ಕು ಜನರನ್ನು ಹತ್ತಿಸಿಕೊಂಡು, ಐದನೆಯವನನ್ನು ತಡೆದು, ಒಳಗೆ ಬಂದ ನಾಲ್ವರನ್ನು ಗುರಾಣಿ ಸಾಲಿನ ನಡುವೆ ಹಾಕಿ ಮುಗಿಸಿದರು. ಹಿಂದೆ ನಿಂತ ಸೋಮಪ್ಪ ಸೀಟಿ ಹೊಡೆದದ್ದೇ ಹೊಡೆದದ್ದು.

ನಲವತ್ತನೇ ನಿಮಿಷ ಬಂತು. ನಡುಬೆರಳು ತಾನಾಗಿ ಗುಂಡಿ ಒತ್ತಿತು.

ಹತ್ತು ಈಟಿಯವರು ಬೆನ್ನು ತಿರುಗಿಸಿ ಇಳಿದರು. ವಾಪಸ್ ಕರೆಯುವಷ್ಟರಲ್ಲಿ ರಾಮದುರ್ಗದವರು ಗೋಡೆ ಏರಿ ಆಗಿತ್ತು.

ಬರುವಾಗ ಸವದತ್ತಿ ದಾಟಿ ಮುರಗೋಡ ದಾಟುವವರೆಗೂ ಸೋಮಪ್ಪನ ಬಾಯಿ ಮುಚ್ಚಲಿಲ್ಲ. "ಅವರ ಕಡಿಂದ ಏನ್ ತಿಂದಿ ಹೇಳಲೇ! ನಿನಗ ಖರೇನ ಆಡಾಕ ಬರೂದಿಲ್ಲೋ ಏನ್ ಮಾರ್ಕೊಂಡಿಯೋ?" ಮುಸ್ತಕೀಮ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ದಿನಾ ಬೇಕಂತಲೇ ಸೋಲುವ ರೂಢಿ ಅದು ಎಂದು ಒಂದು ಮಾತು ಹೇಳಿದ್ದರೆ ಕಳಂಕ ತೊಳೆದುಹೋಗುತ್ತಿತ್ತು. ಜೊತೆಗೆ ಇನ್ನೂರ ಹನ್ನೆರಡು ಹೆಸರೂ ತೊಳೆದುಹೋಗುತ್ತಿದ್ದವು, ಸೆಂಟರಿಗೆ ಬೀಗ ಬೀಳುತ್ತಿತ್ತು. ಅದಕ್ಕೇ ಹೇಳಲಿಲ್ಲ. ಸತ್ಯ ಗೊತ್ತಿದ್ದ ಮಲ್ಲಿಕಾರ್ಜುನ ಮುಂದಿನ ಸೀಟಿನಲ್ಲೇ ಇದ್ದರು. ಅವರೂ ಉಸಿರೆತ್ತಲಿಲ್ಲ. ಎಂಥ ಜನ!

ಮುಂದಿನ ಐತವಾರ ರಾಮದುರ್ಗದವರು ಮರುಪಂದ್ಯಕ್ಕೆ ಇಲ್ಲಿಗೇ ಬರುತ್ತಾರೆ. ಕಾವಲಿಗೆ ಯಾರಾದರೂ ಸರಿ, ಮುಸ್ತಕೀಮ ಬೇಡ ಎಂದು ಹುಡುಗರು ಹಟ ಹಿಡಿದಿದ್ದಾರೆ. ಮುಸ್ತಕೀಮರಿಗೆ ಬೇಕಾಗಿರುವುದು ಆ ಕಾವಲಿನ ಕುರ್ಚಿಯೊಂದೇ. "ಒಂದ ಒಂದ್ ಕೋಟಿ ಕಡೀತನಕ ಕಾಯಬೇಕಂತ ಆಸೇರಿ." ಕರೆಯುತ್ತಾರೋ ಇಲ್ಲವೋ, ಅವರು ದಿನಾ ಐದಕ್ಕೇ ಬಂದು ಒಬ್ಬರೇ ಅಭ್ಯಾಸ ಮಾಡುತ್ತಾರೆ. ನಲವತ್ತಕ್ಕೆ ಒತ್ತುವ ಬೆರಳಿಗೆ ಎಚ್ಚರ ಬರಲೆಂದು ಹೆಂಡತಿ ಫಿರದೋಸ್ ಅರಿವೆಯ ಚೂರು ಸುತ್ತಿ ಕಳಿಸುತ್ತಾರೆ.

"ಮನ್ಯಾಗ ಜಗಳಾ ಆದ್ರೂ ಇವ್ರು ನಲವತ್ತ ನಿಮಿಷಕ್ಕ ಸೋತ ಬಿಡ್ತಾರ ನೋಡ್ರಿ," ಎಂದು ಆಕೆ ನಗುತ್ತಾರೆ. "ನಲವತ್ತೊಂದಕ್ಕ ಒಮ್ಮೆರ ಗೆದ್ದು ಬರ್ಲಿ."

ಇದನ್ನೆಲ್ಲ ಬರೆದರೆ ನಿಮ್ಮ ಕೆಲಸ ಉಳಿಯುತ್ತದೆಯೇ, ವೀರರಿಗೆ ತಮ್ಮ ಗೆಲುವು ಸುಳ್ಳು ಅಂತ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ಮುಸ್ತಕೀಮ ಬೆರಳಿನ ಅರಿವೆ ಬಿಚ್ಚಿ ಕಿಸೆಗೆ ಹಾಕಿಕೊಳ್ಳುತ್ತಾ ನಕ್ಕರು.

"ಬರೀರಿ, ಏನೂ ಆಗೂದಿಲ್ಲ. ಓದಿದವ್ರು ಎಲ್ಲಾರೂ, ಉಳಿದವ್ರ ಮುಂದ ಬೇಕಂತ ಸೋತಾನ, ನನ್ನ ಮುಂದ ಮಾತ್ರ ಖರೇನ ಸೋತಾನ ಅಂತಾರ. ಅಷ್ಟ್ ಚಂದ ಸೋತೇನ್ರಿ ನಾ."